ಖದೀಜಾ(ರ)ರ ಕೊರಳಹಾರ ಮತ್ತು ಝೈನಬ್(ರ)ರ ಹಿಜ್‌ರತ್

ಹಿಜರಿ 2ನೇ ವರ್ಷ, ಕ್ರಿ.ಶ. 624. ಬದ್ರ್ ಯುದ್ಧ ಮುಗಿದಿತ್ತು. ಸೆರೆಸಿಕ್ಕ ಕುರೈಶರ ಬಿಡುಗಡೆಗಾಗಿ ಮಕ್ಕಾದ ಬಂಧುಗಳು ಮದೀನಾಕ್ಕೆ ವಿಮೋಚನಾ ಧನ ಕಳುಹಿಸುತ್ತಿದ್ದರು. ಅದರಲ್ಲಿ ಒಂದು ಕೊರಳಹಾರವೂ ಇತ್ತು. ಅದನ್ನು ಕಂಡೊಡನೆ ಪ್ರವಾದಿ ಮುಹಮ್ಮದ್(ಸ)ರ ಹೃದಯ ಕರಗಿತು. ಅಗಲಿದ ಪತ್ನಿ ಖದೀಜಾ(ರ) ತಮ್ಮ ಮಗಳು ಝೈನಬ್(ರ)ರಿಗೆ ವಿವಾಹದ ವೇಳೆ ನೀಡಿದ್ದ ಹಾರವದು. ಝೈನಬ್‌ರ ಪತಿ ಅಬುಲ್ ಆಸ್ ಸೆರೆಯಾಳುಗಳಲ್ಲಿ ಒಬ್ಬರಾಗಿದ್ದರು.

ಅಬುಲ್ ಆಸ್ ಖದೀಜಾರ ಸಹೋದರಿ ಹಾಲಾರ ಪುತ್ರ, ನಂಬಿಕಸ್ಥ ವರ್ತಕ. ಝೈನಬ್ ಇಸ್ಲಾಮ್ ಸ್ವೀಕರಿಸಿದಾಗ ಅವರು ಸ್ವೀಕರಿಸಿರಲಿಲ್ಲ. ಆದರೆ ಪತ್ನಿಗೆ ತಲಾಖ್ ನೀಡಿದರೆ ಬಯಸಿದ ಹೆಣ್ಣನ್ನು ಕೊಡುತ್ತೇವೆಂದು ಕುರೈಶರು ಆಮಿಷವೊಡ್ಡಿದಾಗ ಅದನ್ನು ನಿರಾಕರಿಸಿದ್ದರು.

ಪ್ರವಾದಿವರ್ಯರು(ಸ) ಆಜ್ಞೆ ಮಾಡಬಹುದಿತ್ತು. ಆದರೆ ಅನುಚರರ ಸಮ್ಮತಿ ಕೇಳಿದರು. ಅವರು ಸಂತೋಷದಿಂದ ಕೈದಿಯನ್ನು ಬಿಡುಗಡೆಗೊಳಿಸಿ ಹಾರವನ್ನೂ ಮರಳಿಸಿದರು. ಝೈನಬ್‌ರನ್ನು ಮದೀನಾಕ್ಕೆ ಕಳುಹಿಸಿಕೊಡುವುದಾಗಿ ಅಬುಲ್ ಆಸ್ ಮಾತು ಕೊಟ್ಟರು. ಪ್ರೀತಿಸಿದ ಪತ್ನಿಯನ್ನು ತಾನೇ ದೂರ ಕಳುಹಿಸುವ ಮಾತದು. ಮಕ್ಕಾ ತಲಪಿದವರೇ ಆಕೆಯ ಪ್ರಯಾಣಕ್ಕೆ ಅನುವು ಮಾಡಿಕೊಟ್ಟರು.

ಅಬುಲ್ ಆಸ್‌ರ ಸಹೋದರ ಕಿನಾನ ಹಗಲಿನಲ್ಲೇ ಝೈನಬ್‌ರನ್ನು ಒಂಟೆಯ ಮೇಲೆ ಕರೆದೊಯ್ದರು. ಬದ್ರ್‌ನ ಸೋಲಿನ ಗಾಯ ಇನ್ನೂ ಹಸಿಯಾಗಿತ್ತು. ಕುರೈಶರು ಬೆನ್ನಟ್ಟಿದರು. ಹಬ್ಬಾರ್ ಎಂಬವನು ಈಟಿ ತೋರಿಸಿ ಬೆದರಿಸಿದನು. ಗರ್ಭಿಣಿಯಾಗಿದ್ದ ಝೈನಬ್ ಆ ಆಘಾತದಿಂದ ತಮ್ಮ ಮಗುವನ್ನು ಕಳೆದುಕೊಂಡರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಕಿನಾನ ಬಾಣಗಳನ್ನು ಹರಡಿ ನಿಂತು ಅವರನ್ನು ತಡೆದರು. ಕೊನೆಗೆ ಅಬೂ ಸುಫ್ಯಾನರ ಸಲಹೆಯಂತೆ ಹಿಂದಿರುಗಿ, ಜನರ ಮಾತು ತಣ್ಣಗಾದ ಬಳಿಕ ರಾತ್ರಿಯ ಮರೆಯಲ್ಲಿ ಹೊರಟರು. ಊರಾಚೆ ಕಾದಿದ್ದ ಝೈದ್ ಬಿನ್ ಹಾರಿಸಾ(ರ) ಆಕೆಯನ್ನು ಮದೀನಾ ತಲಪಿಸಿದರು.

ವರ್ಷಗಳು ಉರುಳಿದವು. ಹಿಜರಿ 6ರಲ್ಲಿ ಸಿರಿಯಾದಿಂದ ಮರಳುತ್ತಿದ್ದ ಅಬುಲ್ ಆಸ್‌ರ ವ್ಯಾಪಾರ ತಂಡ ಮುಸ್ಲಿಮರ ವಶವಾಯಿತು. ತಪ್ಪಿಸಿಕೊಂಡ ಅವರು ರಾತ್ರಿಯಲ್ಲಿ ಝೈನಬ್‌ರ ಬಳಿ ಬಂದು ಅಭಯ ಬೇಡಿದರು. ಫಜ್ರ್ ನಮಾಝ್‌ನ ವೇಳೆ ಮಹಿಳೆಯರ ನಡುವಿನಿಂದ ಝೈನಬ್‌ರ ಧ್ವನಿ ಮೊಳಗಿತು: ತಾನು ಅಬುಲ್ ಆಸ್‌ರಿಗೆ ಅಭಯ ನೀಡಿದ್ದೇನೆಂದು. ತಮಗೂ ಇದು ಮೊದಲು ತಿಳಿದಿರಲಿಲ್ಲವೆಂದ ಪ್ರವಾದಿವರ್ಯರು(ಸ) ಆ ಅಭಯವನ್ನು ಎತ್ತಿಹಿಡಿದರು. ಅತಿಥಿಯನ್ನು ಗೌರವಿಸಬೇಕು, ಆದರೆ ಪತಿಯಂತೆ ಸಮೀಪಿಸಲು ಬಿಡಬಾರದೆಂದೂ ಮಗಳಿಗೆ ತಿಳಿಸಿದರು. ಸರಕನ್ನೆಲ್ಲ ಮರಳಿಸಲಾಯಿತು.

ಅಬುಲ್ ಆಸ್ ಮಕ್ಕಾಕ್ಕೆ ಹೋಗಿ ಪ್ರತಿಯೊಬ್ಬರ ಪಾಲನ್ನೂ ಒಪ್ಪಿಸಿ, ಬಾಕಿಯೇನೂ ಉಳಿದಿಲ್ಲವೆಂದು ಅವರಿಂದಲೇ ಹೇಳಿಸಿಕೊಂಡು, ಆ ಬಳಿಕವೇ ಇಸ್ಲಾಮ್ ಸ್ವೀಕರಿಸಿದರು. ಪರರ ಧನಕ್ಕಾಗಿ ಧರ್ಮ ಬದಲಿಸಿದನೆಂಬ ಮಾತು ಬಾರದಿರಲೆಂಬುದು ಅವರ ಕಾಳಜಿಯಾಗಿತ್ತು. ಹಿಜರಿ 7ರಲ್ಲಿ ಮದೀನಾಕ್ಕೆ ಬಂದರು. ದಾಂಪತ್ಯ ಮತ್ತೆ ಕೂಡಿತು. ಆದರೆ ಹಿಜರಿ 8ರಲ್ಲೇ ಝೈನಬ್(ರ) ಅಲ್ಲಾಹನ ಕರೆಗೆ ಓಗೊಟ್ಟರು.

ಈ ಚರಿತ್ರೆಯನ್ನು ನಾವು ಪ್ರೇಮಕಥೆಯೆಂದು ಕರೆದರೆ ತಪ್ಪಾಗದು. ಆದರೆ ಇಲ್ಲಿನ ಪ್ರೀತಿ ಹಿಡಿದಿಟ್ಟುಕೊಳ್ಳುವ ಹಟವಲ್ಲ. ಜೊತೆಗಿರಲಾಗದ ಕಾಲದಲ್ಲೂ ಮಾತಿಗೆ ತಪ್ಪದ, ಗೌರವ ಕೆಡಿಸದ ಪ್ರೀತಿ. ನಮ್ಮ ಮನೆಗಳಲ್ಲಿ ದಂಪತಿಗಳು ಬೇರ್ಪಟ್ಟಾಗ ಏನಾಗುತ್ತಿದೆ? ಹೆಣ್ಣಿನ ಒಡವೆಯನ್ನು ತಡೆಹಿಡಿಯುತ್ತೇವೆ, ಮಹ್ರ್ ಕೊಡಲು ಸತಾಯಿಸುತ್ತೇವೆ, ಮಕ್ಕಳನ್ನು ಒತ್ತೆಯಿಡುತ್ತೇವೆ. ಯುದ್ಧದ ಮರುಗಳಿಗೆಯಲ್ಲೂ ಶತ್ರುಪಾಳೆಯದಿಂದ ಬಂದ ಹಾರವೊಂದು ಅದರ ಒಡತಿಗೆ ಮರಳಿತೆಂಬುದನ್ನು ನಾವು ಆಗ ನೆನೆಯಬೇಕು.

ಕೂಡಿ ಬಾಳುವಾಗಲೂ ಅಗಲುವಾಗಲೂ ನ್ಯಾಯದಿಂದ ನಡೆಯುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.