ಕಂದಿದ ಸೂಜಿಯೆಲೆಯ ಸಾಕ್ಷ್ಯ: ಜಪಾನಿನ ಪೈನ್ ಮರಗಳ ಸಾವು

ಪೈನ್ ಮರದ ಸೂಜಿಯೆಲೆ ಕಂದುಬಣ್ಣಕ್ಕೆ ತಿರುಗಿದರೆ ನೀರು ಸಾಲದು, ಗೊಬ್ಬರ ಸಾಲದು ಎಂದು ತೀರ್ಪು ಕೊಡುವವರು ಬಹಳ. ಬಣ್ಣವೊಂದನ್ನೇ ನೋಡಿ ಕಾರಣ ಹೇಳಲಾಗದು ಎಂಬುದು ಈ ಲೇಖನದ ವಾದ. ಪತ್ರಹರಿತ್ತು ನಾಶವಾಗಿ, ಅದರಡಿಯ ಹಳದಿ ಹೊರಗೆ ಕಂಡು, ಕೊನೆಗೆ ಫೀನಾಲ್ ಸಂಯುಕ್ತಗಳು ಉತ್ಕರ್ಷಣಗೊಂಡು ಕಂದು ಮೂಡುವ ಕ್ರಮ ಬರ, ಉಪ್ಪು, ರೋಗ, ಮುಪ್ಪು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಕಂದು ಎಲ್ಲಿಂದ ಶುರುವಾಯಿತು, ಯಾವ ಋತುವಿನಲ್ಲಿ ಎಂಬುದರಲ್ಲಿ.

ಸೂಜಿಯೆಲೆಗೂ ಆಯುಸ್ಸಿದೆ, ಹಲವು ಪೈನ್ ಜಾತಿಗಳಲ್ಲಿ ಅದು ಎರಡರಿಂದ ನಾಲ್ಕು ವರ್ಷ. ಶರತ್ಕಾಲದಲ್ಲಿ ಕೊಂಬೆಯ ಒಳಭಾಗದ ಹಳೆಯ ಎಲೆಗಳು ಕಂದಿ ಉದುರಿ, ತುದಿಯ ಎಲೆಗಳು ಹಸಿರಾಗಿಯೇ ಉಳಿದರೆ ಚಿಂತಿಸಬೇಕಾದ್ದಿಲ್ಲ. ಎಲೆಯ ತುದಿಯಿಂದ ಬುಡದತ್ತ ಕಂದು ಇಳಿಯುತ್ತಿದ್ದರೆ ನೀರಿನ ಕೊರತೆಯನ್ನೋ ಉಪ್ಪನ್ನೋ ಶಂಕಿಸಬೇಕು. ಎಲೆಗೆ ಅಡ್ಡಲಾಗಿ ಕೆಂಪು ಪಟ್ಟೆ ಬಿದ್ದು ಅದರಾಚೆಯ ತುದಿ ಸತ್ತಿದ್ದರೆ ಡೋತಿಸ್ಟ್ರೋಮಾ ಶಿಲೀಂಧ್ರವನ್ನು.

ಇಡೀ ಮರ ಒಮ್ಮೆಗೇ ಕಂದುವುದರ ಬಗೆಯೇ ಬೇರೆ. ಜಪಾನಿನ ನಾಗಸಾಕಿಯಲ್ಲಿ 1905ರ ಸುಮಾರಿಗೆ ಪೈನ್ ಮರಗಳು ಹೀಗೆ ಸಾಯತೊಡಗಿದವು. ಸತ್ತ ಮರದ ತೊಗಟೆಯಡಿ ಕೊರಕ ಹುಳುಗಳು ಸಿಗುತ್ತಿದ್ದುದರಿಂದ ದಶಕಗಳ ಕಾಲ ತಪ್ಪೆಲ್ಲ ಅವುಗಳ ತಲೆಗೇ ಕಟ್ಟಲಾಯಿತು. 1971ರಲ್ಲಿ ಕಿಯೊಹಾರಾ ಮತ್ತು ತೊಕುಶಿಗೆ ಎಂಬ ಸಂಶೋಧಕರು ಆರೋಗ್ಯವಂತ ಮರಗಳಿಗೆ ಒಂದು ಮಿಲಿಮೀಟರ್ ಸುಮಾರು ಉದ್ದದ ನೆಮಟೋಡ್ ಹುಳುಗಳನ್ನು ಸೇರಿಸಿ, ಮರಗಳು ಒಣಗುವುದನ್ನು ತೋರಿಸಿದರು. ಈ ನೆಮಟೋಡ್ ಹುಳು ಉತ್ತರ ಅಮೆರಿಕ ಮೂಲದ್ದು. ಅಲ್ಲಿನ ಪೈನ್‌ಗಳು ಬಹುಪಾಲು ಅದನ್ನು ತಾಳಿಕೊಳ್ಳುತ್ತವೆ. ಜಪಾನಿನಲ್ಲಿ ಅದನ್ನು ಮರದಿಂದ ಮರಕ್ಕೆ ಹೊರುವುದು ಉದ್ದ ಮೀಸೆಯ ದುಂಬಿ. ದುಂಬಿ ಎಳೆಯ ರೆಂಬೆ ಮೇಯ್ದ ಗಾಯದಿಂದ ಒಳಹೊಕ್ಕ ಹುಳು ರಾಳನಾಳಗಳಲ್ಲಿ ಹಬ್ಬುತ್ತದೆ, ನೀರ್ಗೊಳವೆಗಳಲ್ಲಿ ಗಾಳಿ ತುಂಬಿ ನೀರಿನ ಏರಿಕೆ ಕಡಿಯುತ್ತದೆ. 1979ರ ವೇಳೆಗೆ ವಾರ್ಷಿಕ ನಷ್ಟ ಸುಮಾರು 24 ಲಕ್ಷ ಘನ ಮೀಟರ್ ಮರಕ್ಕೆ ಮುಟ್ಟಿತ್ತು.

ಗಮನಿಸಬೇಕಾದ್ದು ಮರದೊಳಗೆ ನೀರು ನಿಲ್ಲುವುದಕ್ಕೂ ಎಲೆ ಕಂದುವುದಕ್ಕೂ ನಡುವಿನ ಕಾಲದ ಅಂತರ. ದಪ್ಪ ಮೇಣದ ಹೊದಿಕೆ, ಒಳಗೆ ಹುದುಗಿದ ಪತ್ರರಂಧ್ರಗಳು—ಸೂಜಿಯೆಲೆ ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ. ಕಡಿದು ತಂದ ಕ್ರಿಸ್‌ಮಸ್ ಮರ ವಾರಗಟ್ಟಲೆ ಹಸಿರಾಗಿರುವುದು ಇದರಿಂದಲೇ. ಜಪಾನಿನ ಅರಣ್ಯ ಸಿಬ್ಬಂದಿ ಎಲೆಗಿಂತ ರಾಳವನ್ನು ನಂಬುತ್ತಾರೆ: ತೊಗಟೆಯಲ್ಲಿ ಸಣ್ಣ ತೂತು ಕೊರೆದಾಗ ರಾಳ ಒಸರದಿದ್ದರೆ, ಮೇಲೆ ಎಷ್ಟೇ ಹಸಿರಿದ್ದರೂ ಮರ ಕೈಬಿಟ್ಟಂತೆ.

ಬಣ್ಣವೊಂದೇ ಕಾರಣ ಹೇಳದು ಎಂಬುದಕ್ಕೆ ಇದೇ ದೇಶದ ಇನ್ನೊಂದು ಮರವನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. 2011ರ ಸುನಾಮಿ ರಿಕುಝೆಂತಕಾತಾದ ಕಡಲಂಚಿನ ಸುಮಾರು 70,000 ಪೈನ್‌ಗಳನ್ನು ಕೊಚ್ಚಿಕೊಂಡು ಹೋದಾಗ ಒಂದೇ ಒಂದು ನಿಂತಿತು. ಅದೂ 2012ರಲ್ಲಿ ಸತ್ತಿತು. ಅಲ್ಲಿ ಹುಳುವಿನ ಪಾತ್ರವಿರಲಿಲ್ಲ. ಉಪ್ಪುನೀರಿನಲ್ಲಿ ಬೇರು ಕೊಳೆತಿತ್ತು.

ಮತ್ತೆ ಹುಳುವಿನ ವಿಷಯಕ್ಕೆ ಬಂದರೆ, ಬೇಸಿಗೆಯಲ್ಲಿ ಅದರ ಸೋಂಕು ತಗಲಿದ ಮರ ಬೆಚ್ಚನೆಯ ದಕ್ಷಿಣದಲ್ಲಿ ಶರತ್ಕಾಲದೊಳಗೆ ಕಂದಿಬಿಡುತ್ತದೆ. ತಂಪಾದ ಈಶಾನ್ಯ ಹೊನ್ಶುವಿನಲ್ಲಿ ಕೆಲವು ಮರಗಳು ಚಳಿಗಾಲವನ್ನು ಹಸಿರಾಗಿಯೇ ಕಳೆದು ಮುಂದಿನ ವರ್ಷ ಕಂದುತ್ತವೆ. ಹಾಗಾಗಿ ಶರತ್ಕಾಲದಲ್ಲಿ ಕಂದಿದವನ್ನಷ್ಟೇ ಕಡಿದು ಸುಟ್ಟರೆ ಅಲ್ಲಿ ಸೋಂಕಿನ ಒಂದು ಪಾಲು ಕಾಡಿನಲ್ಲೇ ಉಳಿಯುತ್ತದೆ. ಕಡಿಯುವ ಗುರುತು ಹಾಕುವವರು ವಸಂತದಲ್ಲಿ, ಹೊಸ ದುಂಬಿಗಳು ಹೊರಬರುವ ಮುನ್ನ, ಅದೇ ತೋಪನ್ನು ಮತ್ತೊಮ್ಮೆ ಸುತ್ತಬೇಕಾಗುತ್ತದೆ.