ಗ್ರೀನ್‌ಲಾ ತೆಗೆದ ಕಲ್ಲಿನ ರಥದ ಛಾಯಾಚಿತ್ರ

ಹಂಪಿಯ ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಸೆರೆಹಿಡಿದ ಚಿತ್ರ. ಗ್ರೀನ್‌ಲಾ ಮದ್ರಾಸ್ ಸೈನ್ಯದ ಅಧಿಕಾರಿ. ಛಾಯಾಗ್ರಹಣ ಅವನ ಹವ್ಯಾಸ. ಮೇಣ ಸವರಿದ ದೊಡ್ಡ ಕಾಗದವೇ ಅವನ ನೆಗೆಟಿವ್. ಬಿಂಬ ಮೂಡಲು ದೀರ್ಘ ಹೊತ್ತು ಬೇಕಿದ್ದುದರಿಂದ ಅಲುಗದ ಕಲ್ಲುಕಟ್ಟಡಗಳೇ ಅವನಿಗೆ ಒಲಿದವು.

ಚಿತ್ರದ ಖ್ಯಾತಿಗೆ ಮುಖ್ಯ ಕಾರಣ ರಥದ ನೆತ್ತಿ. ಇಂದಿನ ಪ್ರವಾಸಿಗರಿಗೆ ಅಲ್ಲಿ ಕಾಣುವುದು ಬೋಳು ಮಾಡು. ಗ್ರೀನ್‌ಲಾ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವಿದೆ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲೂ ಗೋಪುರವಿಲ್ಲದ ರಥವೇ ಅಚ್ಚಾಗಿದೆ. ಬೆಂಗಳೂರಿನ ಜಯನಗರ, ಬನಶಂಕರಿಯ ಅಂಗಡಿಗಳಲ್ಲಿ ದಿನವೂ ಆ ನೋಟು ಎಣಿಸುವವರಿಗೂ ಹಳೆಯ ರೂಪ ಬೆರಗು ತರುವಂಥದ್ದು. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ವಲಸೆ ತಾಯಿಯ ಚಿತ್ರ ಮುಖಭಾವದಿಂದ ಹೆಸರಾಯಿತು. ಗ್ರೀನ್‌ಲಾ ಚಿತ್ರಕ್ಕಾದರೋ ಬೆಲೆ ಬಂದದ್ದು ಕಳೆದುಹೋದದ್ದಕ್ಕೆ ಸಾಕ್ಷಿಯಾಗಿ.

ಗ್ರೀನ್‌ಲಾ ಚಿತ್ರಗಳು ಬಹುಕಾಲ ಜನರ ಕಣ್ಣಿಗೆ ಬೀಳಲಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಜಾರ್ಜ್ ಮಿಷೆಲ್ ಸಂಪಾದಿಸಿದ 2008ರ ಗ್ರಂಥದಲ್ಲಿ ಇಬ್ಬರ ಚಿತ್ರಗಳೂ ಒಟ್ಟಿಗೆ ಪ್ರಕಟವಾದವು.