ರಾಗಿ ಉಂಡೆಯೋ, ಹಿತ್ತಾಳೆಯ ಚಮಚೆಯೋ?

ಗಾಳ ಹಿಡಿದು ಹೊಳೆಯ ದಂಡೆಗೆ ಹೋದವನ ಎದುರು ಮೊದಲಿಗೇ ಬಂದು ನಿಲ್ಲುವ ಪ್ರಶ್ನೆ ಒಂದೇ: ಕೊಕ್ಕೆಗೆ ಏನನ್ನು ಸಿಕ್ಕಿಸುವುದು? ಮೀನು ದಿನವೂ ತಿನ್ನುವ ಹುಳುವನ್ನೋ, ಮರಿಮೀನನ್ನೋ, ಹಿಟ್ಟನ್ನೋ ಕೊಡಬೇಕೆ, ಅಥವಾ ಲೋಹ, ಗರಿ, ಮರದ ತುಂಡುಗಳಿಂದ ಮಾಡಿದ ಸುಳ್ಳು ತಿನಿಸನ್ನು ತೋರಿಸಿ ಅದನ್ನು ಮರುಳು ಮಾಡಬೇಕೆ? ಕೇಳುವುದಕ್ಕೆ ಸಣ್ಣ ಮಾತು. ಆದರೆ ಇದರ ಬೆನ್ನು ಹತ್ತಿ ಹೊರಟರೆ ಮ್ಯಾಸಿಡೋನಿಯದ ಬೆಸ್ತರಿಂದ ಹಿಡಿದು ಕಲ್ಯಾಣದ ಚಾಲುಕ್ಯ ದೊರೆಯವರೆಗೆ, ಮಂಗಳೂರಿನ ಆಂಗ್ಲ ಕಲೆಕ್ಟರನಿಂದ ಹಿಡಿದು ಕಾವೇರಿಯ ಹರಿಗೋಲಿನವರವರೆಗೆ ಬಹಳ ಮಂದಿ ಎದುರಾಗುತ್ತಾರೆ.

ಕನ್ನಡದಲ್ಲಿ ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ‘ಎರೆ’ ಎನ್ನುತ್ತೇವೆ. ತಮಿಳಿನ ‘ಇರೈ’ ಇದರ ಸೋದರ ಶಬ್ದ; ಅಲ್ಲಿಯೂ ಪಕ್ಷಿ, ಪ್ರಾಣಿ, ಮೀನುಗಳ ಆಹಾರ ಎಂದೇ ಅರ್ಥ. ಎರೆಹುಳುವಿನ ಹೆಸರಿನಲ್ಲಿಯೂ ಈ ಮಾತು ಕುಳಿತಿದೆ. ರೈತನ ಮಿತ್ರ ಎಂದು ಇಂದು ನಾವು ಕೊಂಡಾಡುವ ಜೀವಿಯನ್ನು ಗಾಳದವನು ನೋಡುತ್ತಿದ್ದ ದೃಷ್ಟಿಯೇ ಬೇರೆ.

ಕೃತಕ ಎರೆ ಹುಟ್ಟಿದ್ದು ಯಾಕೆ ಎನ್ನುವುದಕ್ಕೆ ಒಂದು ಹಳೆಯ ಸಾಕ್ಷ್ಯವಿದೆ. ಕ್ರಿ.ಶ. 200ರ ಸುಮಾರಿಗೆ ರೋಮಿನಲ್ಲಿದ್ದ ಈಲಿಯನ್ ಎಂಬ ಲೇಖಕ ಪ್ರಾಣಿಗಳ ಸ್ವಭಾವದ ಬಗ್ಗೆ ಬರೆದ ಗ್ರಂಥದಲ್ಲಿ ಮ್ಯಾಸಿಡೋನಿಯದ ಅಸ್ಟ್ರೇಯಸ್ ಎಂಬ ಹೊಳೆಯ ಪ್ರಸ್ತಾಪ ಬರುತ್ತದೆ. ಅಲ್ಲಿ ನೀರಿನ ಮೇಲೆ ಒಂದು ಬಗೆಯ ನೊಣ ಹಾರಾಡುತ್ತಿತ್ತು. ಮೀನುಗಳಿಗೆ ಅದೆಂದರೆ ಪ್ರಾಣ. ಬೆಸ್ತರು ಆ ನೊಣವನ್ನೇ ಹಿಡಿದು ಕೊಕ್ಕೆಗೆ ಚುಚ್ಚಬಹುದಿತ್ತು. ಆದರೆ ಮನುಷ್ಯನ ಕೈ ಸೋಕಿದೊಡನೆ ಅದರ ಬಣ್ಣ ಕೆಡುತ್ತಿತ್ತು, ರೆಕ್ಕೆ ಮುದುಡುತ್ತಿತ್ತು, ಮೀನು ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೇ ಅವರು ಕೊಕ್ಕೆಗೆ ಕೆಂಪು ಉಣ್ಣೆಯ ನೂಲು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ, ನೊಣದ ವೇಷ ತೊಡಿಸಿ ನೀರಿಗೆ ಬಿಟ್ಟರು. ಕೃತಕ ಎರೆ ಶ್ರೀಮಂತರ ಷೋಕಿಯಾಗಿ ಹುಟ್ಟಿದ್ದಲ್ಲ, ಜೀವಂತ ಎರೆ ಕೈಕೊಟ್ಟಲ್ಲಿ ಬಡ ಬೆಸ್ತರು ಕಂಡುಕೊಂಡ ಉಪಾಯವದು ಎಂಬುದನ್ನು ಇಲ್ಲಿ ಗಮನಿಸಬೇಕು.

ನಮ್ಮ ಕಡೆಯ ದಾಖಲೆಯೂ ಕಡಿಮೆಯದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿಗೆ ಸೇರಿದ ‘ಮತ್ಸ್ಯವಿನೋದ’ ಎಂಬ ಅಧ್ಯಾಯವುಂಟು. ಕಡಲಿನ ಮೀನು, ಹೊಳೆಯ ಮೀನು, ಹುರುಪೆ ಇರುವವು, ಇಲ್ಲದವು ಎಂದು ವಿಂಗಡಿಸಿ ಮೀನುಗಳನ್ನು ಹೆಸರಿಸುವ ದೊರೆ, ಗಾಳದ ಕೋಲು, ದಾರ, ಕೊಕ್ಕೆಗಳ ವಿಚಾರವನ್ನೂ ಬಿಡುವುದಿಲ್ಲ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಗಾಳ ಹಾಕುವುದಕ್ಕೆ ಮುಂಚೆ ಮೀನನ್ನು ಸಾಕಬೇಕು ಎಂಬ ಆತನ ಉಪದೇಶ. ಗೊತ್ತಾದ ಜಾಗದಲ್ಲಿ ಹಿಟ್ಟಿನ ಉಂಡೆಗಳನ್ನು ಹಾಕುತ್ತ ಬಂದು, ಮೀನು ಅಲ್ಲಿಗೆ ರೂಢಿಯಾದ ಮೇಲೆ ಅದೇ ತಿನಿಸಿನಲ್ಲಿ ಕೊಕ್ಕೆ ಅಡಗಿಸುವುದು. ಯಾವ ಜಾತಿಗೆ ಯಾವ ತಿನಿಸು ಎಂಬ ವಿವರವೂ ಅಲ್ಲಿದೆ: ಎಳ್ಳು, ಹುರಿಗಡಲೆ ಹಿಟ್ಟು, ಅನ್ನ, ಕೆಲವಕ್ಕೆ ಮಾಂಸ. ಈ ಅಧ್ಯಾಯವನ್ನು ಆಧುನಿಕ ವಿದ್ವಾಂಸರ ಗಮನಕ್ಕೆ ತಂದವರು ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ, 1951ರಲ್ಲಿ. ಸೋಮೇಶ್ವರ ರಾಜ್ಯಭಾರದಲ್ಲಿ ಎಷ್ಟು ಗಟ್ಟಿಗನೋ ಚರಿತ್ರೆಕಾರರು ಹೇಳಲಿ. ಮೀನಿನ ಬಾಯಿರುಚಿಯನ್ನು ಮಾತ್ರ ಬಲ್ಲವನಾಗಿದ್ದ.

ಯೂರೋಪಿನಲ್ಲಿ ಈ ಆಯ್ಕೆ ನಿಧಾನವಾಗಿ ನೀತಿಯ ಪ್ರಶ್ನೆಯಾಯಿತು, ಅದರ ಹಿಂದೆಯೇ ಅಂತಸ್ತಿನ ಪ್ರಶ್ನೆಯೂ ಆಯಿತು. ಇಂಗ್ಲಿಷಿನಲ್ಲಿ ಗಾಳದ ಬಗೆಗಿನ ಮೊದಲ ಅಚ್ಚಾದ ಪುಸ್ತಕ 1496ರದು. ಹನ್ನೆರಡು ಬಗೆಯ ಕೃತಕ ನೊಣಗಳನ್ನು ಕಟ್ಟುವ ಕ್ರಮ ಅದರಲ್ಲಿದೆ. 1653ರಲ್ಲಿ ಐಸಾಕ್ ವಾಲ್ಟನ್ ಬರೆದ ‘ದಿ ಕಂಪ್ಲೀಟ್ ಆಂಗ್ಲರ್’ ಈ ವಿಷಯದ ಅತ್ಯಂತ ಪ್ರಸಿದ್ಧ ಗ್ರಂಥ. ಸೌಮ್ಯ ಸ್ವಭಾವದವನೆಂದು ಹೆಸರಾದ ಈ ವಾಲ್ಟನ್ ಮುಖ್ಯವಾಗಿ ಹುಳು, ಹಿಟ್ಟುಗಳ ಕಡೆಯವನು; ಬದುಕಿರುವ ಕಪ್ಪೆಯನ್ನು ಕೊಕ್ಕೆಗೆ ಪೋಣಿಸುವ ಬಗೆಯನ್ನು ಬಹು ಅಕ್ಕರೆಯಿಂದ ವಿವರಿಸಿದ್ದಾನೆ. 1823ರಲ್ಲಿ ಪ್ರಕಟವಾದ ‘ಡಾನ್ ಜುವಾನ್’ ಕಾವ್ಯದ ಒಂದು ಸರ್ಗದಲ್ಲಿ ಕವಿ ಬೈರನ್ ಆತನನ್ನು ಕ್ರೂರಿ ಎಂದು ಹಳಿದದ್ದು ಸುಮ್ಮನೆ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ತಿಳಿನೀರಿನ ಹೊಳೆಗಳಲ್ಲಿ ನೀರಿನ ಮೇಲೆ ತೇಲುವ ಕೃತಕ ನೊಣವೊಂದೇ ಸಭ್ಯರಿಗೆ ತಕ್ಕದ್ದು, ಹುಳು ಕಟ್ಟುವವನು ಕೆಳಗಿನವನು ಎಂಬಷ್ಟರ ಮಟ್ಟಿಗೆ ಮಡಿವಂತಿಕೆ ಬೆಳೆಯಿತು. ಮಡಿ ಮೈಲಿಗೆ ನಮ್ಮ ದೇಶದ ಸೊತ್ತು ಎಂದು ತಿಳಿದವರು ಆ ಕಾಲದ ಗಾಳದ ಪುಸ್ತಕಗಳನ್ನು ಓದಬೇಕು.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ಇದು ವ್ಯಾಪಾರವಾಯಿತು. ಜೂಲಿಯೋ ಬ್ಯುಯೆಲ್ ಎಂಬ ಯುವಕ ದೋಣಿಯಲ್ಲಿ ಊಟ ಮಾಡುತ್ತಿದ್ದಾಗ ಚಮಚೆ ಕೈಜಾರಿ ಸರೋವರಕ್ಕೆ ಬಿತ್ತಂತೆ. ಓಲಾಡುತ್ತ ಹೊಳೆಯುತ್ತ ಅದು ಮುಳುಗುವಾಗ ದೊಡ್ಡ ಮೀನೊಂದು ಬಂದು ನುಂಗಿತಂತೆ. ಇದು ದಂತಕಥೆಯೇ ಇರಬಹುದು. ಆದರೆ ಆತ ಚಮಚೆಯ ಹಿಡಿ ಕತ್ತರಿಸಿ ಕೊಕ್ಕೆ ಬೆಸೆದು ಮಾರಿದ್ದು, 1852ರಲ್ಲಿ ಪೇಟೆಂಟ್ ಪಡೆದದ್ದು ದಿಟ. ‘ಸ್ಪೂನ್’ ಎಂಬ ಹೆಸರು ಗಾಳದವರ ಬಾಯಲ್ಲಿ ನಿಂತುಹೋಯಿತು. 1936ರಲ್ಲಿ ಫಿನ್ಲೆಂಡಿನ ಬೆಸ್ತ ಲೌರಿ ರಾಪಾಲಾ ಇನ್ನೊಂದು ಹೆಜ್ಜೆ ಮುಂದೆ ಹೋದ. ಮರಿಮೀನುಗಳ ಹಿಂಡಿನಲ್ಲಿ ಸರಿಯಾಗಿ ಈಜಲಾರದೆ ತಡವರಿಸುವ ಒಂದನ್ನೇ ದೊಡ್ಡ ಮೀನು ಆರಿಸಿಕೊಳ್ಳುವುದನ್ನು ಆತ ಕಂಡಿದ್ದ. ಬೆಂಡಿನ ಮರದ ತುಂಡನ್ನು ಕೆತ್ತಿ, ಚಾಕಲೇಟು ಸುತ್ತಿದ್ದ ತಗಡಿನ ಹಾಳೆ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿ ಮೆರುಗು ಬಳಿದು, ಅದೇ ತಡವರಿಕೆಯಿಂದ ಚಲಿಸುವ ಆಟಿಕೆ ಮೀನನ್ನು ಮಾಡಿದ. ಆತನದು ಹೊಟ್ಟೆಪಾಡು, ಜೀವಂತ ಎರೆ ಹುಡುಕುತ್ತ ಕಳೆಯುವ ಹೊತ್ತು ಉಳಿದರೆ ಅಷ್ಟು ಮೀನು ಹೆಚ್ಚು.

ಇಷ್ಟಾದ ಮೇಲೆ ಮೀನಿನ ಕಡೆಯಿಂದಲೂ ನೋಡಬೇಕಲ್ಲ. ಮೀನು ಆಹಾರವನ್ನು ಕಣ್ಣಿನಿಂದ ಮಾತ್ರ ಹುಡುಕುವುದಿಲ್ಲ. ಮೈಯ ಎರಡೂ ಬದಿಗೆ ಕಿವಿರಿನಿಂದ ಬಾಲದವರೆಗೆ ಇರುವ ಪಾರ್ಶ್ವರೇಖೆ ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತದೆ. ವಾಸನೆ, ರುಚಿಗಳು ಬೇರೆ. ತಿರುಗುವ ಚಮಚೆ ಕಣ್ಣನ್ನೂ ಪಾರ್ಶ್ವರೇಖೆಯನ್ನೂ ಕೆಣಕುತ್ತದೆ, ಆದರೆ ಅದಕ್ಕೆ ವಾಸನೆಯಿಲ್ಲ. ಹಿಟ್ಟಿನುಂಡೆಗೆ ವಾಸನೆಯುಂಟು, ಚಲನೆಯಿಲ್ಲ. ತಿಳಿನೀರಿನಲ್ಲಿ ಬೇಟೆಯಾಡುವ ಮೀನಿಗೆ ಚಮಚೆ, ಮಳೆಗಾಲದ ಕೆಂಪು ನೀರಿನಲ್ಲಿ ತಳ ಕೆದಕುವ ಮೀನಿಗೆ ಉಂಡೆ ಅಥವಾ ಹುಳು ಎಂಬ ಲೆಕ್ಕಾಚಾರ ಇಲ್ಲಿಂದ ಬಂದದ್ದು. ಕೃತಕ ಎರೆಯವನು ಸದಾ ಎಸೆಯುತ್ತ ಎಳೆಯುತ್ತ ಇರಬೇಕು. ಉಂಡೆಯವನು ಕಾದು ಕೂರಬೇಕು. ಮನುಷ್ಯರ ಸ್ವಭಾವಕ್ಕೆ ತಕ್ಕಂತೆ ಆಯ್ಕೆಯಾಗುವುದೂ ಉಂಟು.

ಈ ಎರಡು ಬಗೆಗಳು ನಿಜಕ್ಕೂ ಮುಖಾಮುಖಿಯಾದದ್ದು ಭಾರತದ ಹೊಳೆಗಳಲ್ಲಿ, ಮಹಶೀರ್ ಎಂಬ ಒಂದು ಮೀನಿನ ಮುಂದೆ. ಕಾವೇರಿಯವರು ಇದನ್ನು ಬಿಳಿಮೀನು ಎನ್ನುತ್ತಾರೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದ. ಅದು ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. ತೂಕಕ್ಕೆ ತೂಕ ಹೋಲಿಸಿದರೆ ಮಹಶೀರ್ ತನ್ನ ದೇಶದ ಸಾಲ್ಮನ್ನಿಗಿಂತ ಹೆಚ್ಚು ಸೆಣಸುತ್ತದೆ ಎಂದು ಆತ ಸಾರಿದ. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಬಸವನಹುಳುಗಳ ಚಿಪ್ಪನ್ನು ಅಲ್ಲಿ ಅರೆದು ನುಂಗುತ್ತದೆ. ಇಂಗ್ಲೆಂಡಿನಿಂದ ತಂದ ನಾಜೂಕಿನ ಚಮಚೆಗಳು ಇದರ ಬಾಯಿಗೆ ಸಿಕ್ಕರೆ ನಜ್ಜುಗುಜ್ಜು, ಕೊಕ್ಕೆಗಳು ಮುರುಕು. ಹೀಗಾಗಿ ಗಟ್ಟಿ ತಗಡು, ದಪ್ಪ ಕೊಕ್ಕೆಯ ವಿಶೇಷ ಚಮಚೆಗಳು ಬೇಕಾದವು.

ಇನ್ನೊಂದು ಪೇಚೂ ಇತ್ತು. ಮಹಶೀರ್ ಬೇಟೆಗಾರ ಹೌದು, ಆದರೆ ಬರಿಯ ಬೇಟೆಗಾರನಲ್ಲ. ದಂಡೆಯ ಮರಗಳಿಂದ ಉದುರುವ ಹಣ್ಣು, ಬೀಜವನ್ನೂ ತಿನ್ನುತ್ತದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಯಾತ್ರಿಕರು ಚೆಲ್ಲುವ ಮಂಡಕ್ಕಿಗೆ ದೇವರ ಮೀನುಗಳು ಮುಗಿಬೀಳುವುದನ್ನು ಓದುಗರು ನೋಡಿರಬಹುದು. ಅವುಗಳಲ್ಲಿ ಇದೇ ಕುಲದವು ಇವೆ. ಬಿಳಿಯ ಷೋಕಿದಾರರಲ್ಲಿ ಹಲವರಿಗೆ ಕೃತಕ ನೊಣ ಮೇಲು, ಚಮಚೆ ನಡು, ಹಿಟ್ಟು ಕೀಳು. ಮೀನಿಗೆ ಈ ಶ್ರೇಣಿ ತಿಳಿದಿರಲಿಲ್ಲ.

ಕಾವೇರಿ ಸೀಮೆಯ ಹಿಟ್ಟು ಯಾವುದೆಂದು ಹೇಳಬೇಕಾಗಿಲ್ಲ. ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ, ಬೇಯಿಸಿ, ಮತ್ತೆ ನಾದಿ, ವಾಸನೆಗೆ ಸೋಂಪಿನಂಥದೇನಾದರೂ ಸೇರಿಸಿ, ನಿಂಬೆಹಣ್ಣಿನಷ್ಟು ಅಥವಾ ಅದಕ್ಕೂ ದೊಡ್ಡ ಉಂಡೆ ಕಟ್ಟಿ ಕೊಕ್ಕೆಯನ್ನು ಒಳಗೆ ಹುದುಗಿಸುವುದು. ಮುದ್ದೆಯ ಊರಿನಲ್ಲಿ ಮೀನಿಗೂ ಮುದ್ದೆ! ಹದ ಮಾತ್ರ ಊಟದ ಮುದ್ದೆಯದಲ್ಲ, ಅದಕ್ಕಿಂತ ಗಟ್ಟಿ. ಸಡಿಲವಾದರೆ ರಭಸದ ನೀರಿನಲ್ಲಿ ಕರಗಿಹೋಗುತ್ತದೆ, ಸಣ್ಣ ಮೀನುಗಳು ಕಿತ್ತು ತಿಂದು ಮುಗಿಸುತ್ತವೆ. ಅತಿ ಗಟ್ಟಿಯಾದರೆ ಕೊಕ್ಕೆಯ ಮೊನೆ ಹೊರಬರುವುದಿಲ್ಲ. ಈ ಹದ ಯಾವ ಇಂಗ್ಲಿಷ್ ಪುಸ್ತಕದಿಂದ ಬಂದದ್ದೂ ಅಲ್ಲ, ಹೊಳೆಯ ದಂಡೆಯವರ ಕೈಯಲ್ಲಿದ್ದದ್ದು.

1919ರಲ್ಲಿ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಸಿಕ್ಕಿತು. 1946ರ ಮಾರ್ಚಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ 120 ಪೌಂಡಿನದನ್ನು ಎತ್ತಿದರು. ಗಾಳಕ್ಕೆ ಸಿಕ್ಕ ಅತಿ ದೊಡ್ಡ ಮಹಶೀರ್ ಎಂದು ಹೆಸರಾದದ್ದು ಅದೇ. ಸ್ವಾತಂತ್ರ್ಯಾನಂತರ ಈ ಮೀನಿನ ಸುದ್ದಿಯೇ ತಣ್ಣಗಾಯಿತು. 1977ರಲ್ಲಿ ಮೂವರು ಆಂಗ್ಲ ಯುವಕರು ಕಾವೇರಿಗೆ ಬಂದು ದೊಡ್ಡ ಮೀನುಗಳನ್ನು ಹಿಡಿದು ಬಿಟ್ಟ ಮೇಲೆ ಲೋಕದ ಗಾಳದವರೆಲ್ಲ ಮತ್ತೆ ಇತ್ತ ತಿರುಗಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೆ ಬಿಡಬೇಕೆಂಬ ಕಟ್ಟಳೆ. ದೇಶ ವಿದೇಶದ ಅತಿಥಿಗಳು ಪೆಟ್ಟಿಗೆ ತುಂಬ ಸ್ಪೂನು, ಪ್ಲಗ್ಗು ತಂದರೂ ಹರಿಗೋಲಿನ ಹುಡುಗರು ಕೈಗೆ ಕೊಡುತ್ತಿದ್ದದ್ದು ಹೆಚ್ಚಾಗಿ ರಾಗಿ ಉಂಡೆ. ಆ ಹುಡುಗರಲ್ಲಿ ಕೆಲವರು ಹಿಂದೆ ಸಿಡಿಮದ್ದು ಹಾಕಿ ಮೀನು ಹಿಡಿದವರು; ಶಿಬಿರದ ಸಂಬಳ ಅವರನ್ನು ಕಾವಲುಗಾರರನ್ನಾಗಿ ಮಾಡಿತ್ತು.

ಹಿಡಿದು ಬಿಡುವುದೇ ಆದರೆ ಎರೆಯ ಆಯ್ಕೆಗೆ ಬೇರೊಂದು ತೂಕ ಬರುತ್ತದೆ. ಜೀವಂತ ಹುಳು, ಮೀನುಗಳನ್ನು ಮೀನು ಒಳಗೆ ನುಂಗಿಬಿಡುವುದು ಹೆಚ್ಚು. ಕೊಕ್ಕೆ ಗಂಟಲು, ಕಿವಿರುಗಳಿಗೆ ನಾಟಿದರೆ ಬಿಟ್ಟ ಮೇಲೂ ಬದುಕುವುದು ಕಷ್ಟ. ಚಲಿಸುವ ಕೃತಕ ಎರೆ ಬಹುಪಾಲು ತುಟಿಯ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಅದು ನಿರಪಾಯವಲ್ಲ. ಮೂರು ಮೂರು ಮೊನೆಗಳ ಕೊಕ್ಕೆ ಕಣ್ಣಿಗೂ ತಗಲೀತು. ಜೀವಂತ ಎರೆಗೆ ಇನ್ನೊಂದು ದೋಷವಿದೆ. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಿನ ಕಾಡುಗಳಲ್ಲಿ ಹಿಮಯುಗದ ತರುವಾಯ ಎರೆಹುಳುವೇ ಇರಲಿಲ್ಲ. ಯೂರೋಪಿನಿಂದ ಬಂದ ಹುಳುಗಳನ್ನು ಗಾಳದವರು ದಿನದ ಕೊನೆಗೆ ದಂಡೆಯಲ್ಲಿ ಚೆಲ್ಲಿ ಬಂದದ್ದೂ ಸೇರಿ, ಅವು ಕಾಡಿನ ತರಗೆಲೆಯ ಹಾಸನ್ನೇ ತಿಂದು ತೆಳುವಾಗಿಸುತ್ತಿವೆ. ಸ್ಕಾಟ್ಲೆಂಡಿನ ಸಿಹಿನೀರಿನಲ್ಲಿ ಜೀವಂತ ಮೀನನ್ನು ಎರೆಯಾಗಿ ಬಳಸುವಂತಿಲ್ಲ. ಇತ್ತ ಕೃತಕದವರ ಪಾಪವೂ ಇದೆ: ಮೆದು ಪ್ಲಾಸ್ಟಿಕ್ಕಿನ ಹುಳುಗಳು ಹರಿದು ನೀರಿನ ತಳದಲ್ಲಿ ಕರಗದೆ ಉಳಿಯುತ್ತವೆ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳಿಂದ ಹಂಸಗಳು ಸತ್ತವೆಂದು ಬ್ರಿಟನ್ನಿನಲ್ಲಿ 1987ರಲ್ಲಿ ಅವಕ್ಕೆ ನಿರ್ಬಂಧ ಬಂತು. ಈ ತಪ್ಪಿನಲ್ಲಿ ಎರಡೂ ಪಂಗಡದವರು ಪಾಲುದಾರರು. ಈ ಎಲ್ಲವನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ರಾಗಿ ಉಂಡೆಯೇ ಮರ್ಯಾದಸ್ಥ ಎನ್ನಿಸುತ್ತದೆ. ಅದು ಇನ್ನೊಂದು ಜೀವಿಯನ್ನು ಚುಚ್ಚುವುದಿಲ್ಲ, ಉಳಿದದ್ದು ನೀರಿನಲ್ಲಿ ಕರಗುತ್ತದೆ.

ಆ ಶಿಬಿರಗಳ ಲೆಕ್ಕದ ಪುಸ್ತಕ ಕೊನೆಗೆ ಯಾರೂ ಎಣಿಸದ ಕೆಲಸಕ್ಕೆ ಬಂತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಸಿಕ್ಕ 6,000ಕ್ಕೂ ಮೀರಿದ ಮೀನುಗಳ ದಾಖಲೆಯನ್ನು ವಿಜ್ಞಾನಿಗಳು 2015ರಲ್ಲಿ ವಿಶ್ಲೇಷಿಸಿದರು. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ಬಿಡಲಾಗಿತ್ತು. ಅವು ಏರುತ್ತ ಹೋದವು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಇಳಿಯುತ್ತ ಹೋಯಿತು; ಸಿಕ್ಕವು ವರ್ಷ ವರ್ಷಕ್ಕೆ ಕಡಿಮೆಯಾದವು, ಆದರೆ ಒಂದೊಂದರ ತೂಕ ಹೆಚ್ಚಿತು. ಅಂದರೆ ಮುದಿಮೀನುಗಳಿದ್ದವು, ಮರಿಗಳು ಬರುತ್ತಿರಲಿಲ್ಲ. ನೂರು ಪೌಂಡು ಮೀರಿ ಬೆಳೆಯುವ, ಜಗತ್ತಿಗೆಲ್ಲ ಹೆಸರಾದ ಈ ಮೀನಿಗೆ ಆಗಿನ್ನೂ ಶಾಸ್ತ್ರೀಯ ಹೆಸರೇ ನಿಶ್ಚಯವಾಗಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ಮೊದಲು ವರ್ಣಿತವಾದ ‘ಟಾರ್ ರೆಮಾದೇವಿ’ಯೇ ಇದು ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಅಷ್ಟರಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳ ನಿಂತುಹೋಗಿತ್ತು. ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದಲ್ಲಿ ಹಿಡಿಯುವುದೂ ಬೇಟೆಯೇ, ಬಿಟ್ಟರೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಶಿಬಿರಗಳ ಗಾಳಗಳು ಗೋಡೆ ಸೇರಿದವು. ಕಾಯಿದೆಯ ಮಾತು ಸರಿಯೇ. ಆದರೆ ಗಾಳದವರು ಹೋದ ಮೇಲೆ ರಾತ್ರಿ ಸಿಡಿಮದ್ದಿನ ಸದ್ದಿಗೆ ಕಿವಿಗೊಡುವವರು ಯಾರು ಎಂದು ಮೀನಿನ ಪರವಾಗಿ ದುಡಿದವರು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ. ಮೀನಿನ ಎಣಿಕೆಯೂ ಅಲ್ಲಿಗೇ ನಿಂತಿತು. ಗಾಳಿಬೋರೆಯ ಪುಸ್ತಕದಲ್ಲಿ 2012ರ ಮುಂದಿನ ಹಾಳೆಗಳಿಲ್ಲ.